ಗೆರೆ ಸೊಟ್ಟಗಿದ್ದಿದ್ದರೆ ಉಳಿಯುತ್ತಿದ್ದೆವು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾಲರಿಯ ಕೆಳಗಿರುವ ಉಗ್ರಾಣದ ತಗಡಿನ ಬಾಗಿಲು ಕಿರುಗುಟ್ಟುತ್ತದೆ. ಮೊದಲು ನಾಲ್ಕು ಚಕ್ರದ ಗೆರೆಗಾಡಿ ಹೊರಗೆ ಬರುತ್ತದೆ, ಅದರ ಹಿಂದೆ ಅದನ್ನು ತಳ್ಳುವ ಮನುಷ್ಯ. ತಲೆಗೆ ಮಫ್ಲರ್, ಕಾಲಿಗೆ ಯಾವನೋ ಆಟಗಾರ ಬಿಟ್ಟುಹೋದ ಬೂಟು, ಅದೂ ಒಂದು ಅಳತೆ ದೊಡ್ಡದು. ಮೈದಾನದ ಮೂಲೆಯಲ್ಲಿ ಗೂಟ ಹೊಡೆದು ದಾರ ಕಟ್ಟುತ್ತಾರೆ. ಉಂಡೆ ಬಿಚ್ಚುತ್ತಾ ಆ ತುದಿಗೆ ನಡೆಯುತ್ತಾರೆ. ಅಲ್ಲಿ ಇನ್ನೊಂದು ಗೂಟ. ದಾರವನ್ನು ಎಳೆದು ಬಿಗಿದು, ಬೆರಳಿನಿಂದ ಒಮ್ಮೆ ಮೀಟಿ, ಕಿವಿಗೊಟ್ಟು ನಿಲ್ಲುತ್ತಾರೆ.

"ಟಣ್ ಅನ್ಬೇಕು ಸಾರ್. ಸಡಿಲ ಇದ್ರೆ ದಾರ ಮಾತೇ ಆಡಲ್ಲ," ಎನ್ನುತ್ತಾರೆ. ನನ್ನ ಕಡೆ ತಿರುಗುವುದಿಲ್ಲ.

ಇವರನ್ನು ಎಲ್ಲರೂ ಕರೆಯುವುದು ಸುಣ್ಣದಣ್ಣ ಎಂದು. ಗೆರೆಗೆ ಸುಣ್ಣ ಹಾಕುವುದು ನಿಂತು ಎಷ್ಟೋ ಕಾಲವಾಯಿತು, ಈಗ ಡಬ್ಬಿಯ ಬಿಳಿ ಬಣ್ಣ. ಹೆಸರು ಮಾತ್ರ ಹಳೆಯದೇ ಉಳಿದಿದೆ. ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಕಾಣುವ ಪ್ರತಿ ಬಿಳಿ ಗೆರೆ, ಪ್ರತಿ ಮೂಲೆಯ ಕಾಲು ವೃತ್ತ, ಪೆನಾಲ್ಟಿಯ ಚುಕ್ಕಿ, ಎಲ್ಲವೂ ಇವರ ಕೈಯವು. ನಾಳೆ ಇಲ್ಲಿ ಪಂದ್ಯ ಇದೆ. ಕೆಳ ಲೀಗ್‌ನ ಮೊದಲ ಪಂದ್ಯ. ಹೌದು, ನಾವು ಬಿದ್ದಿದ್ದೇವೆ. ಬಿದ್ದ ಬಗೆಯನ್ನು ಇಡೀ ಊರು ಬಾಯಿಗೆ ಬಂದಂತೆ ಹೇಳಿಕೊಂಡು ತಿರುಗುತ್ತಿದೆ, ಆ ಕಥೆಯಲ್ಲಿ ಈ ಮನುಷ್ಯನ ಹೆಸರಿಗೆ ಮಸಿ ಬಳಿದಿದೆ. ನಾನೂ ಈ ಕ್ಲಬ್ಬಿನ ಅಭಿಮಾನಿ, ಅಂದರೆ ದುಡ್ಡು ಕೊಟ್ಟು ಹೊಟ್ಟೆ ಉರಿಸಿಕೊಳ್ಳುವವರ ಪೈಕಿ. ಅದಕ್ಕೇ ಪೇಪರಿಗೆ ಬರೆಯಲು ಇವರನ್ನು ಮಾತಾಡಿಸಿಕೊಂಡು ಬರೋಣ ಎಂದು ಬಂದಿದ್ದೇನೆ.

ಗಾಡಿ ತಳ್ಳುವಾಗ ಇವರು ಚಕ್ರ ನೋಡುವುದಿಲ್ಲ. "ಚಕ್ರ ನೋಡಿದ್ರೆ ಕೆಟ್ಟಿತು. ಆ ತುದಿ ಗೂಟದ ಮೇಲೆ ಕಣ್ಣಿರ್ಬೇಕು, ಕಾಲು ತಾನೇ ಹೋಗುತ್ತೆ." ಹಿಂದೆ ಸುಣ್ಣ ಹಾಕುತ್ತಿದ್ದಾಗ ಗಾಳಿ ಎದ್ದರೆ ಕಣ್ಣೆಲ್ಲ ಉರಿ, ಹಿಮ್ಮಡಿಯ ಬಿರುಕಿಗೆ ಇಳಿದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಈಗ ಆ ಕಷ್ಟ ತಪ್ಪಿದೆ, ಸೊಂಟ ಹಿಡಿದುಕೊಂಡಿದೆ. ಪಂದ್ಯಕ್ಕೆ ಒಂದು ಗಂಟೆ ಮೊದಲು ಮಳೆ ಬಂದರೆ ಎಲ್ಲ ಮತ್ತೆ ಮೊದಲಿನಿಂದ. ಹಾಗೆ ಎಳೆದ ಗೆರೆಯನ್ನು ಇಪ್ಪತ್ತೆರಡು ಜನ ತೊಂಬತ್ತು ನಿಮಿಷದಲ್ಲಿ ಕಾಲಲ್ಲಿ ಅಳಿಸಿ ಹಾಕುತ್ತಾರೆ. ಗೆರೆ ಚೆನ್ನಾಗಿದೆ ಎಂದು ಈ ಲೋಕದಲ್ಲಿ ಯಾರು ಹೇಳಿದ್ದಾರೆ ಹೇಳಿ!

ಇವರು ಇಲ್ಲಿಗೆ ಬಂದದ್ದು ಗ್ಯಾಲರಿಯ ಗೋಡೆಗೆ ಬಿಳುಪು ಹೊಡೆಯುವ ಕೂಲಿಗೆ. ಅಭ್ಯಾಸ ನಡೆಯುತ್ತಿತ್ತು, ಏಣಿಯ ಮೇಲೆ ನಿಂತು ನೋಡಿದರು. ಮುಂದಿನದನ್ನು ಇವರ ಹೆಂಡತಿ ಹೇಳುತ್ತಾರೆ. ಎರಡು ಕೋಣೆಯ ಮನೆಯ ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವ ಅವರು ದಾರ ಕಚ್ಚಿ ತುಂಡರಿಸಿ ಹೇಳುತ್ತಾರೆ: "ಗೋಡೆ ಕೆಲಸ ಮುಗೀತು, ಇವರು ಮಾತ್ರ ವಾಪಸ್ ಬರಲೇ ಇಲ್ಲ. ನಾನು ಮದುವೆ ಆಗಿದ್ದು ಇವರನ್ನಲ್ಲ, ಆ ಮೈದಾನಾನ."

ಪಂದ್ಯದ ಹೊತ್ತಿಗೆ ಸುಣ್ಣದಣ್ಣ ಕುರ್ಚಿಯಲ್ಲಿ ಕೂರುವುದಿಲ್ಲ. ಉಗ್ರಾಣದ ಬಾಗಿಲಲ್ಲಿ, ಎಡಗಡೆಯ ಮೂಲೆಯ ಪಕ್ಕ, ಬಕೆಟ್ ಬೋರಲು ಹಾಕಿ ಕೂರುತ್ತಾರೆ. ಅಲ್ಲಿಂದ ಅರ್ಧ ಮೈದಾನ ಚೆನ್ನಾಗಿ ಕಾಣುತ್ತದೆ, ಇನ್ನರ್ಧ ಕೂಗಿನಿಂದ ತಿಳಿಯುತ್ತದೆ. ಹಾಗಾಗಿ ಆಟಗಾರರ ಬಗ್ಗೆ ಇವರ ಅಭಿಪ್ರಾಯಗಳೂ ಅರ್ಧಂಬರ್ಧ, ಆದರೆ ಗಟ್ಟಿ. ಗೋಲ್‌ಕೀಪರ್‌ಗೆ ಇವರಿಟ್ಟ ಹೆಸರು ಜರಡಿ. ಆ ಹುಡುಗ ಹೋದ ವರ್ಷ ಪೆನಾಲ್ಟಿಗಳನ್ನು ತಡೆದು ನಮ್ಮ ಮಾನ ಕಾಪಾಡಿದ, ಹಾಗನ್ನಬೇಡಿ ಎಂದೆ. "ಅದು ಅದೃಷ್ಟ," ಎಂದು ಕೈ ಒದರಿದರು. ಆ ಪೆನಾಲ್ಟಿಗಳೆಲ್ಲ ಆ ಕಡೆಯ ಗೋಲಿನಲ್ಲಿ ಆದವು, ಇವರಿಗೆ ಕಂಡೇ ಇಲ್ಲ.

ಮುಂದೆ ನಿಂತು ಗೋಲ್ ಹೊಡೆಯಬೇಕಾದ ಆಟಗಾರನಿಗೆ ಅಳಿಯ ಎಂದು ಹೆಸರು. "ಕೂತಲ್ಲಿಗೇ ಬಡಿಸ್ಬೇಕು ಸಾರ್ ಅವನಿಗೆ. ತಟ್ಟೆ ಇಡು, ಬಡಿಸು, ಕೈ ತೊಳೆಯೋಕೆ ನೀರು ಕೊಡು. ಇಷ್ಟೆಲ್ಲ ಮಾಡಿದ್ರೂ ಉಪ್ಪು ಕಮ್ಮಿ ಅಂತಾನೆ." ಇವರ ಕಣ್ಣಿಗೆ ಆಟಗಾರ ಅಂತ ಇದ್ದವನು ಒಬ್ಬನೇ, ಎಡಗಡೆಯ ಅಂಚಿನಲ್ಲಿ ಓಡುವ ತೆಳ್ಳನೆಯ ಹುಡುಗ, ಗಾಳಿಪಟ. ಅವನು ಪಕ್ಕದ ಗೆರೆಯನ್ನು ಸವರಿಕೊಂಡೇ ಓಡುತ್ತಿದ್ದ. ಚೆಂಡು ಗೆರೆಯ ಮೇಲೆ ಉರುಳುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. "ನಾನು ಬೆಳಗ್ಗೆ ನಡೆದ ದಾರೀಲೇ ಅವನು ಸಾಯಂಕಾಲ ಓಡ್ತಿದ್ದ," ಎನ್ನುವಾಗ ಸುಣ್ಣದಣ್ಣನ ದನಿ ಮೆತ್ತಗಾಗುತ್ತದೆ.

ಇನ್ನು ಕೋಚ್. ಹೋದ ವರ್ಷದ ಕೋಚ್‌ನ ಮಾತೆತ್ತಿದರೆ ಇವರ ಮೂಗು ಕೆಂಪಾಗುತ್ತದೆ. ಅವರಿಗೆ ಚಿಲಕ ಎಂದು ಹೆಸರು. ಐದು ಜನರನ್ನು ಹಿಂದೆ ನಿಲ್ಲಿಸಿ, ನಾಲ್ವರನ್ನು ಅವರ ಮುಂದೆ ಒತ್ತಿ, ಅಳಿಯನೊಬ್ಬನನ್ನು ದೂರದಲ್ಲಿ ಒಂಟಿಯಾಗಿ ಬಿಟ್ಟು ಆಡಿಸುತ್ತಿದ್ದರು. "ಇಡೀ ದಿನ ಬಾಗಿಲು ಹಾಕ್ಕೊಂಡು ಕೂತ್ರೆ ಆಯ್ತಾ? ಒಳಗೆ ಕದಿಯೋಕೆ ಏನಿದೆ ನಮ್ಮ ಹತ್ರ? ಗೋಲ್ ಹೊಡೆದು ಆಮೇಲೆ ಚಿಲಕ ಹಾಕಪ್ಪ!" ಈ ವಿಷಯದಲ್ಲಿ ನಾನೂ ಇವರ ಪಕ್ಷವೇ. ಆದರೆ ನಾನು ಗ್ಯಾಲರಿಯಲ್ಲಿ ಕೂತು ಬೈದು ಮನೆಗೆ ಹೋಗುತ್ತಿದ್ದೆ, ಇವರಿಗೆ ಆ ಭಾಗ್ಯವೂ ಇರಲಿಲ್ಲ. ಲೀಗ್ ನಡುವೆ ಒಂದು ದಿನ ಚಿಲಕ ಉಗ್ರಾಣಕ್ಕೇ ಬಂದು ಹೇಳಿದರು: ಮೈದಾನದ ಎರಡೂ ಪಕ್ಕದ ಗೆರೆಗಳನ್ನು ಒಂದೊಂದು ಮಾರು ಒಳಗೆ ತನ್ನಿ. ಮೈದಾನ ಕಿರಿದಾದರೆ ಎದುರಾಳಿಗೆ ಓಡಲು ಜಾಗ ಸಿಗುವುದಿಲ್ಲ. ಹಾಗೆ ಮಾಡಲು ನಿಯಮದಲ್ಲಿ ಅವಕಾಶವೂ ಇದೆ.

"ಎದುರಾಳಿಗೆ ಜಾಗ ಇಲ್ಲ ಅಂದ್ರೆ ನಮ್ಮ ಹುಡುಗನಿಗೂ ಇಲ್ಲ ತಾನೇ? ನಾಲಿಗೆ ತುದಿಗೆ ಬಂತು. ನಾನು ಯಾರು ಹೇಳೋಕೆ? ಹೂಂ ಅಂದೆ." ಹಳೆಯ ಗೆರೆಯನ್ನು ನೀರು ಹಾಕಿ ಉಜ್ಜಿದರು. ಗಾಳಿಪಟ ಓಡುವ ದಾರಿಯನ್ನು ತಮ್ಮ ಕೈಯಾರೆ ಮುಚ್ಚಿದರು. ಬಣ್ಣವೇನೋ ಹೋಯಿತು. ವರ್ಷಗಟ್ಟಲೆ ಬಣ್ಣ ಕುಡಿದ ಹುಲ್ಲು ಅಲ್ಲಿ ಬಿಳಚಿಕೊಂಡಿದ್ದರಿಂದ ಹಳೆಯ ಗೆರೆ ಮಸುಕಾಗಿ ಹಾಗೇ ಉಳಿಯಿತು. ಹುಡುಗ ಪ್ರತಿ ಪಂದ್ಯದಲ್ಲೂ ಆ ಮಸುಕು ಗೆರೆಗೇ ಓಡುವನು, ಲೈನ್‌ಮನ್ ಬಾವುಟ ಎತ್ತುವನು. ಕೊನೆಗೆ ಚಿಲಕ ಅವನನ್ನು ಬೆಂಚಿಗೆ ಕೂರಿಸಿದರು.

ಕೊನೆಯ ಪಂದ್ಯ ಇದೇ ಮೈದಾನದಲ್ಲಿ. ಗೆದ್ದರೆ ಉಳಿವು, ಇಲ್ಲದಿದ್ದರೆ ಕೆಳ ಲೀಗ್. ಒಂದೂ ಗೋಲಿಲ್ಲದೆ ಆಟ ಮುಗಿಯುತ್ತಾ ಬಂತು. ಬೇರೆ ದಾರಿ ಕಾಣದೆ ಚಿಲಕ ಗಾಳಿಪಟನನ್ನು ಇಳಿಸಿದರು. ಹುಡುಗ ಎಡಗಡೆಯ ಅಂಚು ಹಿಡಿದು ಹೊರಟ, ಇಬ್ಬರನ್ನು ದಾಟಿದ, ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹಾಕಿದ. ಅಳಿಯ ಜನ್ಮದಲ್ಲಿ ಒಮ್ಮೆ ಎದ್ದುಬಂದು ತಲೆ ಕೊಟ್ಟ. ಗೋಲ್! ಪಕ್ಕದಲ್ಲಿದ್ದ ಗುರುತಿಲ್ಲದವರನ್ನು ನಾನು ತಬ್ಬಿಕೊಂಡಿದ್ದೆ. ಆಮೇಲೆ ನೋಡಿದರೆ ಬಾವುಟ ಮೇಲಿತ್ತು. ಹುಡುಗ ಚೆಂಡನ್ನು ಎತ್ತಿ ಹಾಕುವ ಮೊದಲೇ ಅದು ಗೆರೆ ದಾಟಿತ್ತಂತೆ. ಗೋಲಿಲ್ಲ. ಅಲ್ಲಿಗೆ ಮುಗಿಯಿತು ನಮ್ಮ ಕಥೆ. ಗ್ಯಾಲರಿಯಲ್ಲಿ ದೊಡ್ಡ ದೊಡ್ಡ ಗಂಡಸರು ಮುಖ ಮುಚ್ಚಿಕೊಂಡು ಅತ್ತರು.

"ನನ್ನ ಕಣ್ಣೆದುರಿಗೇ ಆಯ್ತು. ಚೆಂಡು ಹೊರಗಿತ್ತು," ಎನ್ನುತ್ತಾರೆ ಸುಣ್ಣದಣ್ಣ. "ಹಳೇ ಗೆರೆ ಇದ್ದಿದ್ರೆ ಒಳಗಿರ್ತಿತ್ತು."

ಮೂರನೆಯ ದಿನ ಕ್ಲಬ್ಬಿನ ಕಾರ್ಯದರ್ಶಿ ಇವರ ಮನೆಗೆ ಬಂದರು. ಜೊತೆಗೆ ಇವರ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಬಸ್ಸಿನ ಡ್ರೈವರ್, ಪಂದ್ಯದ ದಿನ ಪಾಳಿ ಬದಲಾಯಿಸಿಕೊಂಡು ಓಡಿಬರುವ ಹುಚ್ಚು ಅಭಿಮಾನಿ. ಪಂದ್ಯ ಮುಗಿದರೆ ರಾತ್ರಿ ಊಟ ಅಕ್ಕನ ಮನೆಯಲ್ಲೇ, ಬಾವ ಬಾಮೈದ ಇಬ್ಬರೂ ಕೂತು ಚಿಲಕನ ಜನ್ಮ ಜಾಲಾಡುತ್ತಿದ್ದರು. ಕಾರ್ಯದರ್ಶಿ ವಿಷಯ ಬಿಚ್ಚಿದರು: ಗೆರೆಯೇ ಸರಿಯಿರಲಿಲ್ಲ ಎಂದು ಸಾಬೀತಾದರೆ ಪಂದ್ಯವನ್ನು ಮತ್ತೆ ಆಡಿಸಬೇಕಂತೆ. ಲೀಗ್‌ನ ಸಮಿತಿ ವಿಚಾರಣೆಗೆ ಬರುತ್ತದೆ, ಅಲ್ಲಿಯವರೆಗೆ ಮೈದಾನವನ್ನು ಯಾರೂ ಮುಟ್ಟುವಂತಿಲ್ಲ. ಗೆರೆ ಆ ಜಾಗದಲ್ಲಿ ಸೊಟ್ಟಗೆ ಒಳಕ್ಕೆ ಬಾಗಿತ್ತು ಎಂದು ಸುಣ್ಣದಣ್ಣ ಹೇಳಬೇಕು.

"ಬಾವ, ನಿಮಗೆ ಕೈ ಮುಗೀತೀನಿ, ಒಂದು ಮಾತು ಹೇಳಿಬಿಡಿ," ಎಂದು ಬಾಮೈದ ಕಣ್ಣಲ್ಲಿ ನೀರು ತಂದುಕೊಂಡನಂತೆ. ಹೊಲಿಗೆ ಯಂತ್ರ ನಿಂತಿತ್ತು. ಸುಣ್ಣದಣ್ಣ ಒಪ್ಪಿಕೊಂಡರು. ಯಾಕೆ ಒಪ್ಪಿದಿರಿ ಎಂದು ನಾನು ಕೇಳಿದ್ದಕ್ಕೆ ನನ್ನನ್ನೇ ಹುಚ್ಚನ ಹಾಗೆ ನೋಡಿದರು. "ಕ್ಲಬ್ ಅಲ್ವಾ ಸಾರ್?"

ಸಮಿತಿಯ ಅಧ್ಯಕ್ಷೆ ಹಿಂದೆ ರೆಫರಿಯಾಗಿದ್ದವರು, ತಲೆಯೆಲ್ಲ ನರೆತ ಹೆಂಗಸು. ವಿಚಾರಣೆ ಮೈದಾನದಲ್ಲೇ ನಡೆಯಿತು. ಗ್ಯಾಲರಿಯ ಬೇಲಿಯಾಚೆ ನಾವೆಲ್ಲ ನಿಂತಿದ್ದೆವು, ಬಾಮೈದ ಎಲ್ಲರಿಗಿಂತ ಮುಂದೆ. ಗೆರೆ ಎಳೆದವರು ಯಾರು ಎಂದು ಅಧ್ಯಕ್ಷೆ ಕೇಳಿದರು. ಸುಣ್ಣದಣ್ಣ ಮಫ್ಲರ್ ತೆಗೆದು ಕೈಯಲ್ಲಿ ಹಿಡಿದು ಮುಂದೆ ಬಂದರು. "ನಾನೇ ತಾಯಿ. ಸೊಂಟ ನೋವಿತ್ತು. ಆ ಜಾಗದಲ್ಲಿ ಸೊಟ್ಟ ಆಗಿದೆ," ಎಂದರು. ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಒಂದು ಚೂರೂ ತೊದಲದೆ ಹೇಳಿದರು. ಬೇಲಿಯಾಚೆ ಯಾರೋ ಶಿಳ್ಳೆ ಹೊಡೆದರು.

ಅಧ್ಯಕ್ಷೆ ತಲೆಯಾಡಿಸಿದರು. "ಸರಿ ಯಜಮಾನ್ರೇ. ಎಲ್ಲಿ ಸೊಟ್ಟ ಇದೆ, ದಾರ ಹಿಡಿದು ತೋರಿಸಿಬಿಡಿ."

ಆಗ ನಡೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಾರದ ಉಂಡೆ ಕೈಗೆ ಬಂದದ್ದೇ ತಡ, ಸುಣ್ಣದಣ್ಣ ಮೂಲೆಗೆ ಹೋದರು. ಗೂಟ ಹೊಡೆದರು, ಪ್ರತಿ ವಾರ ಹೊಡೆಯುವ ಜಾಗದಲ್ಲೇ. ದಾರ ಕಟ್ಟಿ, ಉಂಡೆ ಬಿಚ್ಚುತ್ತಾ ಆ ತುದಿಗೆ ನಡೆದು, ಅಲ್ಲಿಯೂ ಸರಿಯಾದ ಜಾಗದಲ್ಲೇ ಗೂಟ ಹೊಡೆದು, ಎಳೆದು ಬಿಗಿದು, ಬೆರಳಿನಿಂದ ಮೀಟಿದರು. ಟಣ್. ಆ ಸದ್ದು ಕಿವಿಗೆ ಬಿದ್ದ ಮೇಲೆಯೇ ಅವರಿಗೆ ತಾವು ಏನು ಮಾಡಿದ್ದೇವೆಂದು ಹೊಳೆದದ್ದು. ಮುಖದ ಬಣ್ಣ ಹೋಯಿತು. ಆಟಗಾರರ ಕಾಲಿಗೆ ಸಿಕ್ಕಿ ಗೆರೆ ಅಲ್ಲಲ್ಲಿ ಮಾಸಿದ್ದರೂ ದಾರ ಅದರ ಅಂಚಿಗೆ ಅಂಟಿ ಕೂತಿತ್ತು. ಬೆರಳು ತೂರಿಸಲೂ ಸಂದಿಯಿರಲಿಲ್ಲ.

ಅಧ್ಯಕ್ಷೆ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಗೆರೆಯ ಉದ್ದಕ್ಕೂ ನೋಡಿದರು. ಎದ್ದು ಮಣ್ಣು ಕೊಡವಿಕೊಂಡರು. "ಇಷ್ಟು ವರ್ಷ ರೆಫರಿಯಾಗಿ ಮೈದಾನ ಸುತ್ತಿದ್ದೀನಿ. ಇಷ್ಟು ನೆಟ್ಟಗಿನ ಗೆರೆ ನೋಡಿಲ್ಲ," ಎಂದರು. ಅದೇ ತೀರ್ಪು. ನಾವು ಬಿದ್ದೆವು.

ಆವತ್ತಿನಿಂದ ಇವರ ಜೊತೆ ಮಾತಾಡುವವರು ಕಡಿಮೆ. ಹಾಲಿನ ಅಂಗಡಿಯಲ್ಲಿ ಜನ ಮುಖ ತಿರುಗಿಸುತ್ತಾರೆ. ಉಗ್ರಾಣದ ಬಾಗಿಲ ಮೇಲೆ ಯಾರೋ ಇವರದೇ ಬಿಳಿ ಬಣ್ಣದಲ್ಲಿ 'ನೆಟ್ಟಗಿನ ಗೆರೆಗೆ ಧನ್ಯವಾದ' ಎಂದು ಗೀಚಿದ್ದಾರೆ. ಒರೆಸಿಲ್ಲವೇಕೆ ಎಂದೆ. "ಬರೆದೋರ ಹೊಟ್ಟೆ ತಣ್ಣಗಾಗ್ಲಿ ಬಿಡಿ. ಅಕ್ಷರ ಸಾಲಾಗಿ ಬರೀಬಹುದಿತ್ತು, ಅಷ್ಟೇ ಬೇಜಾರು," ಎಂದರು. ಚಿಲಕ ಬೇರೆ ಕ್ಲಬ್ಬಿಗೆ ಹೋದರು, ಅವರಿಗೇನು ಕಷ್ಟ. ಗಾಳಿಪಟನನ್ನು ಕ್ಲಬ್ ಮಾರಿತು. ಹೋಗುವ ದಿನ ಅವನು ಉಗ್ರಾಣಕ್ಕೆ ಬಂದು, "ಕಾಲಿಗೆ ಹಳೇ ಗೆರೆನೇ ಗೊತ್ತಿತ್ತು ಅಣ್ಣ," ಎಂದು ಅತ್ತನಂತೆ. ಇವರು ಈಗ ಹಾಕಿಕೊಂಡಿರುವ ಬೂಟು ಅವನದೇ.

ಬಾಮೈದ ಅಕ್ಕನ ಮನೆಯ ಮೆಟ್ಟಿಲು ಹತ್ತಿಲ್ಲ. ಬಾವ ಸುಳ್ಳು ಹೇಳಲು ಮನಸ್ಸಿಲ್ಲದೆ ಬೇಕೆಂದೇ ದಾರ ಹಾಗೆ ಕಟ್ಟಿದರು, ಬಾಯಲ್ಲೊಂದು ಕೈಯಲ್ಲೊಂದು ಮಾಡಿ ಕ್ಲಬ್ಬನ್ನು ಮುಳುಗಿಸಿದರು ಎಂಬುದು ಅವನ ಸಿಟ್ಟು. "ಒಂದಿಂಚು ಆ ಕಡೆ ಗೂಟ ಹೊಡೆದಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದು ಹೆಂಡತಿಯೂ ಕೇಳುತ್ತಾರೆ. ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಪೆಡಲ್ ತುಳಿಯುತ್ತಾರೆ. ಬಾಮೈದ ಊಟಕ್ಕೆ ಕೂರುತ್ತಿದ್ದ ಮಣೆ ಗೋಡೆಗೆ ಒರಗಿಕೊಂಡೇ ಇದೆ.

ಬಿಸಿಲು ಏರಿದೆ. ಗೆರೆ ಮುಗಿದಿದೆ. ಅಗಲ ಇನ್ನೂ ಚಿಲಕ ಹೇಳಿದಷ್ಟೇ. ಹಳೆಯ ಅಗಲ ಮತ್ತೆ ಮಾಡಲೇ ಎಂದು ಇವರು ಹೊಸ ಕೋಚ್‌ನನ್ನು ಕೇಳಿದರೆ, ನೋಡೋಣ ಎಂದರಂತೆ. ನಾಳೆ ಗ್ಯಾಲರಿ ಅರ್ಧವೂ ತುಂಬುವುದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳುತ್ತೇನೆ. ಸಂಬಳ, ಸೊಂಟ, ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ದಾರವನ್ನು ಕೊನೆಯವರೆಗೂ ಉಂಡೆಗೆ ಸುತ್ತುತ್ತಾರೆ.

"ನನ್ನ ಬಾಮೈದ ಪೇಪರ್ ಓದ್ತಾನೆ ಸಾರ್, ಬಸ್ಸು ನಿಂತಾಗ. ಅದಕ್ಕೇ ನಿಮ್ಮ ಜೊತೆ ಮಾತಾಡೋಕೆ ಒಪ್ಪಿದ್ದು. ಒಂದು ಮಾತು ಬರೀರಿ ಸಾಕು. ನಾನು ಬೇಕಂತ ಮಾಡಿದ್ದಲ್ಲ. ಸುಳ್ಳು ಹೇಳಿದ್ದು ಮನಸಾರೆ ಹೇಳಿದ್ದು, ಕ್ಲಬ್ಬಿಗೋಸ್ಕರ, ಅವನಿಗೋಸ್ಕರ." ಉಂಡೆಯನ್ನು ಬಕೆಟ್ಟಿಗೆ ಹಾಕಿ, ಬಣ್ಣ ಅಂಟಿದ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿಯುತ್ತಾರೆ.

"ಇವಕ್ಕೆ ಹೇಳೋದು ಮರೆತಿದ್ದೆ."