ಎರೆಭೂತದ ಕೂಗು

ಬಯಲಿನ ವಿದ್ಯುತ್ ತಂತಿ ನೋಡಿಕೊಳ್ಳುತ್ತಿದ್ದ ಲೈನ್‌ಮನ್‌ನನ್ನು ಊರವರು ‘ಕಂಬದ ಮಾವ’ ಎನ್ನುತ್ತಿದ್ದರು. ಆ ಹುಲ್ಲುಗಾವಲಿನಲ್ಲಿ ಸೊಂಟದೆತ್ತರದ ಎರೆಭೂತ ಹಕ್ಕಿಗಳಿದ್ದವು. ಹಾರುವಾಗ ಎದುರಿನ ತಂತಿ ಕಾಣದೆ, ಬಡಿದು ಸಾಯುತ್ತಿದ್ದವು. ಸತ್ತವನ್ನೆಲ್ಲ ಅವನೇ ಹೂಳುತ್ತಿದ್ದ. ಕಡೆಗೆ ಒಂದೇ ಒಂದು ಗಂಡುಹಕ್ಕಿ ಉಳಿಯಿತು, ಅದನ್ನೂ ಹೂತ.

ಮರುದಿನ ಬೆಳಿಗ್ಗೆ ಅದರ ಕೂಗು ಕೇಳಿಸಿತು, ಖಾಲಿ ಹಂಡೆಯೊಳಗೆ ಯಾರೋ ನರಳಿದಂತೆ. ಹುಡುಕಿದರೆ ಆಗಷ್ಟೇ ತುಳಿದ ಹುಲ್ಲಿತ್ತು, ಹಕ್ಕಿ ಇರಲಿಲ್ಲ.

“ನಿಮ್ಮ ಕಿವಿಗೇ ಭೂತ ಹೊಕ್ಕಿದೆ,” ಎಂದು ಹೆಂಡತಿ ನಕ್ಕಳು.

ಒಂದು ಮಧ್ಯಾಹ್ನ ಅವಳು ಊಟ ತಂದಾಗ ಪಕ್ಕದಲ್ಲೇ ಆ ಕೂಗು ಎದ್ದಿತು. ಅವಳು ಬುತ್ತಿ ಕೆಳಗಿಟ್ಟು ಅತ್ತ ತಿರುಗಿದಳು. ಗಾಳಿಯೇ ಇರಲಿಲ್ಲ, ಆದರೂ ಹುಲ್ಲು ಬಾಗುತ್ತಾ ಬಾಗುತ್ತಾ ದಾರಿ ಬಿಟ್ಟಿತು.

“ರೀ, ಅದು ತಂತಿ ಕಡೆಗೇ ಹೋಗ್ತಿದೆ, ಏನಾದ್ರೂ ಮಾಡಿ!”

ಅವನು ಕರೆಂಟ್ ತೆಗೆಸಿ, ಕಂಬ ಹತ್ತಿ, ದೂರದಿಂದಲೇ ಕಾಣುವಂಥ ಹೊಳೆಯುವ ಬಿಲ್ಲೆಗಳನ್ನು ತಂತಿಗೆ ಕಟ್ಟತೊಡಗಿದ.

“ಹಕ್ಕಿನೇ ಇಲ್ಲ, ಇದೆಲ್ಲ ಯಾರಿಗಯ್ಯಾ?” ಎಂದು ಮೇಲಧಿಕಾರಿ ಗದರಿದರು.

“ಕೂಗೋರಿಗೆ ಸಾರ್.”

ನಿವೃತ್ತನಾಗುವವರೆಗೂ ಅವನು ಬಿಲ್ಲೆ ಕಟ್ಟಿದ. ಕೆಳಗೆ ನಿಂತು ಒಂದೊಂದೇ ಎತ್ತಿಕೊಟ್ಟವಳು ಹೆಂಡತಿ. ಕೂಗು ಎದ್ದಾಗ ಇಬ್ಬರೂ ಕೆಲಸ ನಿಲ್ಲಿಸಿ, ಅದು ಕಂಬ ದಾಟಿ ಆಚೆ ಹೋಗುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.