ಅವ್ವ ನಕ್ಕ ಫೋಟೋ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರಾದರೂ ಟ್ರಂಕಿನಿಂದ ಹಳೆಯ ಉಣ್ಣೆ ಬಟ್ಟೆ ಹೊರಗೆ ತೆಗೆದರೆ ಸಾಕು, ಆ ಬಿಳಿ ಗುಂಡುಗಳ ಘಾಟು ನನ್ನನ್ನು ಎಳೆದುಕೊಂಡು ಹೋಗಿ ಬೆಳಗೋಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಕಣದ ನಡುವೆ ನಿಲ್ಲಿಸುತ್ತದೆ. ಅಪ್ಪ ಆ ಎಸ್ಟೇಟಿನ ರೈಟರ್ ಆಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಸಂಜೆ ಅವರು ಕುಯ್ದು ತಂದ ಹಣ್ಣು ಅಳೆಸಿಕೊಳ್ಳುವುದು ಅವನ ಕೆಲಸ. ನಮಗೆ ಕೊಟ್ಟಿದ್ದ ಹೆಂಚಿನ ಮನೆ ಕಣಕ್ಕೆ ಅಂಟಿಕೊಂಡೇ ಇತ್ತು. ಕುಯ್ಲಿನ ದಿನಗಳಲ್ಲಿ ಒಣಗುವ ಹಣ್ಣಿನ ಹುಳಿಸಿಹಿ ವಾಸನೆ ನಮ್ಮ ಹಾಸಿಗೆಗೆ, ಅನ್ನಕ್ಕೆ, ತಲೆಗೂದಲಿಗೆ ಹತ್ತಿಕೊಳ್ಳುತ್ತಿತ್ತು. ಅವ್ವ ಕಣದ ಅಂಚಿನಲ್ಲಿ ನಿಂತು ಆಳುಗಳ ಲೈನುಮನೆಗಳ ಹೆಂಗಸರ ಜೊತೆ ಮಾತಿಗಿಳಿದರೆ ಸಾಂಬಾರು ಸೀದುಹೋದದ್ದೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ನಗು ಬೇಗ ಬರುತ್ತಿತ್ತು. ಆದರೆ ನಗು ಬರುವುದಕ್ಕೂ ಸೆರಗು ಬಾಯಿಗೆ ಹೋಗುವುದಕ್ಕೂ ನಡುವೆ ಚೂರೂ ಅಂತರ ಇರುತ್ತಿರಲಿಲ್ಲ. ಅವಳ ನಗು ಪೂರ್ತಿ ಹೇಗಿರುತ್ತದೆಂದು ಮಗಳಾದ ನನಗೂ ಗೊತ್ತಿರಲಿಲ್ಲ.

ಆ ವರ್ಷ ಸಾಹುಕಾರರ ಬಂಗಲೆಯಲ್ಲಿ ಮಗಳ ನಿಶ್ಚಿತಾರ್ಥ ನಡೆಯಿತು. ಸಕಲೇಶಪುರದಿಂದ ಫೋಟೋದ ಬಾಷಾ ಸಾಬರು ಮೂರು ಕಾಲಿನ ಕ್ಯಾಮೆರಾ ಹೊತ್ತುಕೊಂಡು ಬಂದಿದ್ದರು. ಎಲ್ಲ ಮುಗಿದ ಮೇಲೆ ಫೋಟೋ ಮೂಡುವ ಗಾಜಿನ ಪ್ಲೇಟು ಒಂದು ಮಿಕ್ಕಿತಂತೆ. ಸಾಹುಕಾರರು, "ನಮ್ಮ ರೈಟರ ಮನೇದೂ ಒಂದು ಹೊಡೆದುಬಿಡಿ ಸಾಬ್ರೇ" ಅಂದರು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕುಂದೂರಿನಲ್ಲಿ ಹೊಲ ಗದ್ದೆ ಮಾಡಿಕೊಂಡಿದ್ದ ಅವನ ಅಣ್ಣಂದಿರು, ಇವನು ಊರು ಬಿಟ್ಟು ಯಾರದೋ ತೋಟದಲ್ಲಿ ಆಳಿನ ಲೆಕ್ಕ ಬರೆಯುತ್ತಾನೆಂದು ಹಗುರವಾಗಿ ಆಡುತ್ತಿದ್ದರು. ಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೋ ಕುಂದೂರಿನ ಗೋಡೆಗೆ ಹೋಗಿ ಕೂರಬೇಕು, ಅಣ್ಣಂದಿರು ದಿನಾ ಅದನ್ನು ನೋಡಬೇಕು, ಅಷ್ಟೇ ಅವನ ಆಸೆ. ಓಡಿಹೋಗಿ ಎಸ್ಟೇಟಿನ ಆಸ್ಪತ್ರೆಯ ಕಾಂಪೌಂಡರ ಹತ್ತಿರ ಕೋಟು ಬೇಡಿ ತಂದ. ಕಾಂಪೌಂಡರು ಆರಡಿ ಆಳು. ನಮ್ಮಪ್ಪ ಗಿಡ್ಡ. ಟ್ರಂಕಿನ ತಳದಿಂದ ಎದ್ದುಬಂದಿದ್ದ ಆ ಕೋಟಿನ ನುಸಿಗುಳಿಗೆ ನಾತಕ್ಕೆ ನಾನು ಸೀನುತ್ತಲೇ ಇದ್ದೆ.

ಬೆಳಕು ಚೆನ್ನಾಗಿದೆಯೆಂದು ಬಾಷಾ ಸಾಬರು ಕಣದಲ್ಲೇ ಆಫೀಸಿನ ಕುರ್ಚಿ ಹಾಕಿಸಿದರು. ಅಪ್ಪ ಕೂತ. ಅವ್ವ ಪಕ್ಕದಲ್ಲಿ ನಿಂತಳು. ನಾನು ಎಣ್ಣೆ ಹಚ್ಚಿ ಬಿಗಿದ ಜಡೆ ಮುಂದಕ್ಕೆ ಬಿಟ್ಟುಕೊಂಡು ಅಪ್ಪನ ಮೊಣಕಾಲಿಗೆ ಒರಗಿದೆ. ಕಾಫಿ ಕೆದಕುತ್ತಿದ್ದ ಹೆಂಗಸರೆಲ್ಲ ಗೋರುಮಣೆ ಹಿಡಿದುಕೊಂಡು ದೂರ ನಿಂತು ನೋಡುತ್ತಿದ್ದರು. "ಅಮ್ಮಾ, ಕೈ ಕೆಳಗೆ ಬಿಡಿ. ಏನೇ ಆಗ್ಲಿ ಸೆರಗು ಮುಟ್ಟಬ್ಯಾಡಿ" ಎಂದು ಹೇಳಿ ಸಾಬರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. ಅಪ್ಪ ಗಂಭೀರವಾಗಿ ತೊಡೆಯ ಮೇಲೆ ಕೈ ಇಟ್ಟ. ಕೋಟಿನ ತೋಳು ಜಾರಿ ಬಂದು ಬೆರಳುಗಳನ್ನು ನುಂಗಿತು. ಕೊಡವಿ ಮೇಲೆ ಸರಿಸಿದ. ಮತ್ತೆ ಜಾರಿತು. ಮತ್ತೆ ಸರಿಸಿ, ಮುಖ ಮಾತ್ರ ಸಾಹುಕಾರರ ಹಾಗೆ ಇಟ್ಟುಕೊಂಡು ಕೂತ. ಸಾಬರು ಫೋಟೋ ಹೊಡೆಯಲು ಕೈಯಲ್ಲಿದ್ದ ರಬ್ಬರ್ ಚೆಂಡು ಒತ್ತಿದ ಹೊತ್ತಿಗೆ ಸರಿಯಾಗಿ ಅವ್ವನಿಗೆ ತಡೆಯಲಾಗಲಿಲ್ಲ. ಸೆರಗು ಮುಟ್ಟಬೇಡ ಎಂದಿದ್ದರಲ್ಲ, ಪಾಪ, ಮುಟ್ಟಲಿಲ್ಲ. ಬಾಯಿಗೆ ಏನೂ ಅಡ್ಡವಿಲ್ಲದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕೆನ್ನೆ ಎರಡೂ ಮೇಲೆದ್ದು ಅವ್ವ ನಕ್ಕುಬಿಟ್ಟಳು.

"ಇದ್ದಿದ್ದು ಒಂದೇ ಪ್ಲೇಟು. ಹಾಳು ಮಾಡ್ಬುಟ್ಟಲ್ಲ, ಹಲ್ಲು ಕಿರ್ಕೊಂಡು" ಎಂದು ಅಪ್ಪ ಅಷ್ಟು ಜನದ ಎದುರಿಗೆ ಅವಳಿಗೆ ಬೈದ. ಕೆದಕುತ್ತಿದ್ದವರು ತಲೆ ಬಗ್ಗಿಸಿಕೊಂಡು ಕೆಲಸಕ್ಕೆ ತಿರುಗಿದರು. ಮುಂದಿನ ಸಂತೆಯ ದಿನ ಸಾಬರು ಪ್ರೂಫ್ ಕಳಿಸಿದರು. ಅದು ಪಕ್ಕಾ ಪ್ರಿಂಟಲ್ಲ. ಗಿರಾಕಿ ನೋಡಿ ಒಪ್ಪಲಿ ಎಂದು ಕೊಡುವ ಕಂದು ಬಣ್ಣದ ಕಾಗದ, ಬೆಳಕು ತಾಗಿದಷ್ಟೂ ಕಪ್ಪಾಗುತ್ತಾ ಹೋಗುವಂಥದ್ದು. ನಿಜ ಹೇಳಬೇಕೆಂದರೆ ಅಂಥ ಫೋಟೋ ಆ ಸೀಮೆಯಲ್ಲೇ ಯಾರ ಮನೆಯಲ್ಲೂ ಇರಲಿಲ್ಲ. ಅಪ್ಪನ ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ನನ್ನ ಜಡೆಯ ಟೇಪು, ಹಿಂದೆ ಒಣಗುತ್ತಿದ್ದ ಕಾಫಿ, ಎಲ್ಲ ಚೊಕ್ಕವಾಗಿ ಬಂದಿತ್ತು. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತಿನಲ್ಲಿ ಅವ್ವನ ಕಣ್ಣು ಮಾತ್ರ ತಪ್ಪಿತ್ತು. "ಕಣ್ಣೇ ಮುಚ್ಚೈತೆ. ಇದನ್ನ ಯಾವ ಮುಖ ಇಟ್ಕೊಂಡು ಕುಂದೂರಿಗೆ ಕಳಿಸ್ಲಿ? ಪ್ರಿಂಟು ಹಾಕ್ಬ್ಯಾಡಿ ಅಂತ ಹೇಳ್ಬುಡು" ಎಂದು ಅಪ್ಪ ಅದನ್ನು ತಂದವನ ಎದುರಿಗೇ ನೆಲಕ್ಕೆ ಎಸೆದ.

ಅವ್ವ ಅದನ್ನು ಎತ್ತಿಕೊಂಡು ತನ್ನ ಸೀರೆಗಳ ಮಡಿಕೆಯಲ್ಲಿ ಇಟ್ಟಳು. ಅಪ್ಪ ತೋಟಕ್ಕೆ ಹೋದ ಮೇಲೆ ಕಿಟಕಿ ಮುಚ್ಚಿ, ಅರೆಬೆಳಕಿನಲ್ಲಿ ನನ್ನನ್ನು ಕೂರಿಸಿಕೊಂಡು ತೆಗೆಯುತ್ತಿದ್ದಳು. "ನಾನು ನಕ್ರೆ ಹಿಂಗ್ ಕಾಣ್ತೀನಾ? ಪರ್ವಾಗಿಲ್ಲ ಕಣೇ" ಎನ್ನುತ್ತಿದ್ದಳು. "ಬೇಗ ನೋಡು, ಒಳಗಿಟ್ಬುಡಾನ" ಎಂದು ತಾನೇ ಇನ್ನಷ್ಟು ಹೊತ್ತು ನೋಡುತ್ತಿದ್ದಳು. ಎಷ್ಟು ಜೋಪಾನ ಮಾಡಿದರೂ ಆ ಕಾಗದ ತೆಗೆದಾಗೊಮ್ಮೆ ಒಂದಿಷ್ಟು ಕಪ್ಪಾಗುತ್ತಿತ್ತು. ಮಳೆಗಾಲ ಬರುವ ಹೊತ್ತಿಗೆ ಅಪ್ಪನೂ ನಾನೂ ಕಪ್ಪಿನೊಳಗೆ ಸೇರಿಕೊಂಡೆವು, ಅವಳ ಕೆನ್ನೆಯ ಹೊಳಪೊಂದು ಉಳಿದಿತ್ತು. ಆಮೇಲೆ ಅದೂ ಹೋಯಿತು. ಒಂದು ಪ್ರಿಂಟು ಹಾಕಿಸಿ ಕೊಡು ಎಂದು ಅವಳು ಅಪ್ಪನನ್ನು ಕೇಳಲಿಲ್ಲ. ಅವನಾಗಿ ಹಾಕಿಸಿ ಕೊಡಬಹುದಿತ್ತು.

ಮಾರನೆಯ ವರ್ಷ ನನ್ನ ತಮ್ಮ ಶಿವು ಹುಟ್ಟಿದ. ಅವನನ್ನು ಹೆತ್ತು ಅವ್ವ ಏಳಲಿಲ್ಲ. ತಿಥಿಗೆ ಮುಂಚೆ ಅಪ್ಪ ಸಕಲೇಶಪುರಕ್ಕೆ ಹೋಗಿ, ಬೇಡವೆಂದು ಬಿಟ್ಟಿದ್ದ ಅದೇ ಪ್ಲೇಟಿನಿಂದ ಫೋಟೋ ಮಾಡಿಸಿಕೊಂಡು ಬಂದ. ತನ್ನನ್ನೂ ನನ್ನನ್ನೂ ಕತ್ತರಿಸಿ ಅವ್ವನನ್ನು ಮಾತ್ರ ಉಳಿಸಿದ್ದ. ಪೂಜೆಗೆ ಇಡುವ ಫೋಟೋದಲ್ಲಿ ಹಲ್ಲು ಕಾಣಬಾರದಂತೆ, ಕಣ್ಣು ಮುಚ್ಚಿರಬಾರದಂತೆ. ಬಾಷಾ ಸಾಬರು ಪೆನ್ಸಿಲಿನಿಂದ ಅವ್ವನ ಕಣ್ಣು ತೆರೆಸಿದ್ದರು, ತುಟಿ ಮುಚ್ಚಿಸಿದ್ದರು, ಹಣೆಗೆ ಕೆಂಪು ಬಣ್ಣದ ಕುಂಕುಮ ಇಟ್ಟಿದ್ದರು. ಎರಡು ದೊಡ್ಡ ಕಣ್ಣು ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದವು. ಯಾರ ಕಣ್ಣೋ. "ಈಗ ನೋಡು, ಎಷ್ಟು ಲಕ್ಷಣವಾಗವ್ಳೆ" ಎಂದಳು ಅಪ್ಪನ ಅಕ್ಕ. "ಇದು ಅವ್ವ ಅಲ್ಲ" ಎಂದು ನಾನು ಕಿರುಚಿದ್ದಕ್ಕೆ ಅಪ್ಪ ಕೆನ್ನೆಗೆ ಬಾರಿಸಿದ. ದೊಡ್ಡವಳಾದ ಮೇಲೆ ನಾನೇ ಸಾಬರ ಅಂಗಡಿಗೆ ಹೋಗಿ ಹಳೆಯ ಪ್ಲೇಟಿನಿಂದ ಮೊದಲಿನ ಥರ ಒಂದು ಹಾಕಿಕೊಡಿ ಎಂದು ಕೇಳಿದೆ. "ಪ್ಲೇಟ್ ಮೇಲೇ ಕೆರೆದು ಮಾಡಿದ್ದು ಕಣಮ್ಮ. ಮೊದಲಿಂದು ಇನ್ನೆಲ್ಲಿ ಬರ್ತದೆ?" ಎಂದರು. ಆಮೇಲೆ ಹೆಮ್ಮೆಯಿಂದ, "ಹೆಂಗ್ ಮಾಡಿದೀನಿ ನೋಡು, ಯಾರಿಗಾದ್ರೂ ಗೊತ್ತಾಯ್ತದಾ?" ಎಂದೂ ಕೇಳಿದರು. ನಾನು ಬಸ್ಸು ಹತ್ತಿದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಫೋಟೋ ಇರಬಹುದು. ನೀವು ಅದಕ್ಕೆ ಹೂವು ಏರಿಸಿ ಸಮಾಧಾನ ಮಾಡಿಕೊಂಡಿರಬಹುದು. ನನಗೆ ಆಗಲಿಲ್ಲ, ಏಕೆಂದರೆ ಶಿವು ಆ ಕಣ್ಣಿನ ಕೆಳಗೆ ಬೆಳೆದ. ಅವನು ಅವ್ವನನ್ನು ನೋಡಿದವನಲ್ಲ. ಅವನಿಗೆ ಅವ್ವ ಎಂದರೆ ಗೋಡೆಯ ಮೇಲಿದ್ದ ಆ ಬಿಗಿದ ತುಟಿ. ಊಟಕ್ಕೆ ಕೂತರೆ ಫೋಟೋಕ್ಕೆ ಬೆನ್ನು ತಿರುಗಿಸಿ ಕೂರುತ್ತಿದ್ದ. ತಾಯಿಗೆ ಬೆನ್ನು ಹಾಕುತ್ತೀಯಾ ಎಂದು ಅಪ್ಪ ಎಳೆದು ಈ ಕಡೆ ಕೂರಿಸುತ್ತಿದ್ದ. ಒಂದು ದಿನ ಶಿವು ಹಿತ್ತಲಲ್ಲಿ ನನ್ನ ಲಂಗ ಹಿಡಿದು ಕೇಳಿದ: "ಅಕ್ಕ, ನಾನು ಹುಟ್ಟಿದ್ದಕ್ಕೆ ಅವ್ವಂಗೆ ನನ್ ಮೇಲೆ ಸಿಟ್ಟಾ?" ನನಗೆ ಮೈಯೆಲ್ಲ ಉರಿದುಹೋಯಿತು. ಆ ಫೋಟೋದಲ್ಲಿ ಅವ್ವ ನಗುತ್ತಿದ್ದಳು ಎಂದು ಹೇಳಿದೆ. ಹೇಗೆ ಎಂದು ಕೇಳಿದ. ಕಣ್ಣು ಮುಚ್ಚಿಕೊಂಡು ನಕ್ಕು ತೋರಿಸಿದೆ. "ಫೋಟೋದಲ್ಲಿ ಹಂಗಿಲ್ವಲ್ಲ" ಎಂದ.

ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಆ ಹೆಂಚಿನ ಮನೆ ಕೆಡವಿದರು, ಕಣದಲ್ಲಿ ಈಗ ಪ್ರವಾಸಕ್ಕೆ ಬಂದವರ ಕಾರು ನಿಲ್ಲಿಸುತ್ತಾರೆ. ಫೋಟೋ ಮಾತ್ರ ಆಲೂರಿನಲ್ಲಿ ಶಿವು ಕಟ್ಟಿಸಿದ ಮನೆಗೆ ಬಂತು. ಮೊಮ್ಮಕ್ಕಳನ್ನು ಕಂಡ ಮೇಲೂ ಅವನು ದಿನಾ ಅದರ ಮುಂದೆ ಕೈ ಮುಗಿದು, ತಪ್ಪು ಮಾಡಿದ ಹುಡುಗನ ಹಾಗೆ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಅವನಿಗೂ ನಗು ಬಂದರೆ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. "ನೀನು ಥೇಟ್ ಅವ್ವನ ಹಾಗೇ ನಗ್ತೀಯ ಕಣೋ" ಎಂದು ನಾನು ಹೇಳಿದಾಗಲೆಲ್ಲ ಅವನ ನಗು ನಿಂತುಹೋಗುತ್ತಿತ್ತು. ಅಕ್ಕ ನನ್ನನ್ನು ಸಮಾಧಾನ ಮಾಡಲು ಹೇಳುತ್ತಾಳೆ ಎಂದೇ ಕೊನೆಯವರೆಗೂ ನಂಬಿದ್ದ.

ಹೋದ ವರ್ಷ ಶಿವು ತೀರಿಕೊಂಡ. ಗೋಡೆಗೆ ಹಾಕಲು ಅವನ ಮಗಳು ಫೋನಿನಲ್ಲಿ ಫೋಟೋ ಹುಡುಕುತ್ತಾ ಒಂದನ್ನು ನನಗೆ ತೋರಿಸಿದಳು. ಸಾಯುವ ವಾರದಲ್ಲಿ ಅವಳೇ ತೆಗೆದದ್ದು. "ಇದೇ ಎಲ್ಲಕ್ಕಿಂತ ಚೆನ್ನಾಗೈತೆ ಅತ್ತೆ, ಆದ್ರೆ ನಕ್ಕೂ ನಕ್ಕೂ ಅಪ್ಪನ ಕಣ್ಣು ಮುಚ್ಚೋಗೈತೆ. ಹಾಳಾಗೈತೆ ಅಂತ ಅಪ್ಪಂಗೂ ತೋರಿಸ್ಲಿಲ್ಲ. ಅಂಗಡಿಲಿ ಕೊಟ್ರೆ ಕಂಪ್ಯೂಟರಲ್ಲಿ ಕಣ್ಣು ತೆರೆಸಿ ಕೊಡ್ತಾರಂತೆ" ಎಂದಳು. ಸಾವಿನ ಮನೆಯೆಂದೂ ನೋಡದೆ ನಾನು ಕೂಗಾಡಿದೆ. "ಅವನ ಕಣ್ಣು ಮುಟ್ಟಿದ್ರೆ ನಾನು ಈ ಮನೆ ಹೊಸ್ತಿಲು ತುಳಿಯಲ್ಲ" ಎಂದೆ. ಹುಡುಗಿ ಹೆದರಿ ಇದ್ದದ್ದನ್ನು ಇದ್ದ ಹಾಗೇ ಕಟ್ಟು ಹಾಕಿಸಿದಳು. ಬಂದವರು ಯಾರಾದರೂ ಅವ್ವ ಹೇಗಿದ್ದಳು ಎಂದು ಕೇಳಿದರೆ ನಾನು ಶಿವುವಿನ ಫೋಟೋ ತೋರಿಸುತ್ತೇನೆ. ಕೇಳದಿದ್ದವರಿಗೂ ತೋರಿಸುತ್ತೇನೆ. ಅದನ್ನು ನೋಡಲೇಬೇಕಾಗಿದ್ದವನು ಶಿವು ಒಬ್ಬನೇ, ಅವನೇ ನೋಡಲಿಲ್ಲ.