ಬೇಳೆಯಿಲ್ಲದ ಸಾರು

ನಮ್ಮವ್ವ ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ. ಅವರ ಮನೆಯಲ್ಲಿ ದೇವರ ಜಗಲಿಯ ಮೇಲೆಯೇ ಪಕ್ಷದ ಬಾವುಟ ಮಡಚಿಟ್ಟಿರುತ್ತಿತ್ತಂತೆ. ಮದುವೆಯಾಗಿ ಮಾನ್ವಿಗೆ ಬರುವಾಗ ಆಕೆ ಸೀರೆ, ಪಾತ್ರೆಗಳ ಜೊತೆಗೆ ಆ ಪಕ್ಷವನ್ನೂ ತಂದಳು. ನಮ್ಮಪ್ಪನಿಗೆ ರಾಜಕೀಯವೆಂದರೆ ಅಷ್ಟಕ್ಕಷ್ಟೆ. ಹಾಗಾಗಿ ವಾದ ಮಾಡಲು ಅವ್ವ ಗೋಡೆಯಾಚೆಯ ಮನೆಯಾಕೆಯನ್ನು ಹಿಡಿದುಕೊಂಡಳು.

ಆ ಮನೆಯವರದು ಬಜಾರದಲ್ಲಿ ಕಿರಾಣಿ ಅಂಗಡಿ. ಮನೆಯೊಳಗೆ ದಖನಿ ಉರ್ದು ಮಾತಾಡುತ್ತಾರೆ, ನಮ್ಮ ಜೊತೆ ಕನ್ನಡ. ಚಾಚಿ ಅಂತಲೇ ನಾನು ಆಕೆಯನ್ನು ಕರೆಯುವುದು. ಚಾಚಿಯದು ಅವ್ವನ ಎದುರು ಪಕ್ಷ. ಹಿತ್ತಲಿನ ಗೋಡೆಯ ಮೇಲೆ ಪಲ್ಯದ ಬಟ್ಟಲು ಹೋಗಿ ಬರುತ್ತಿದ್ದಷ್ಟೇ ಸಲೀಸಾಗಿ ಅವರ ಜಗಳವೂ ಹೋಗಿ ಬರುತ್ತಿತ್ತು.

ಕೆಲವು ವರ್ಷಗಳ ಹಿಂದೆ ತೊಗರಿಬೇಳೆ ವಿಪರೀತ ತುಟ್ಟಿಯಾಯಿತು. ಆಗ ಚಾಚಿಯ ಪಕ್ಷದ ಸರ್ಕಾರವಿತ್ತು. ಅವ್ವ ಹತ್ತಿರದ ಬಾಗಲವಾಡ ಹಳ್ಳಿಯಿಂದ ಹೆಣ್ಣುಮಕ್ಕಳನ್ನು ಟಂಟಂ ಆಟೋದಲ್ಲಿ ಕರೆತಂದು, ಬಸ್ ನಿಲ್ದಾಣದ ಮುಂದೆ ಮೂರು ಇಟ್ಟಿಗೆಯ ಒಲೆ ಹೂಡಿ, ಹುಣಸೆಹುಳಿ, ಖಾರ, ಉಪ್ಪು ಹಾಕಿ ಬೇಳೆಯಿಲ್ಲದ ಸಾರು ಕಾಸಿದಳು. ಬಂದವರಿಗೆಲ್ಲ ಒಂದೊಂದು ಲೋಟ ಕೊಟ್ಟು, “ಇದೇ ನಮ್ಮ ಊಟ, ಕುಡದು ನೋಡ್ರಿ” ಎಂದಳು. ಬಂದೋಬಸ್ತಿಗೆ ನಿಂತಿದ್ದ ಪೊಲೀಸಿನವರೂ ಕುಡಿದು ಮುಖ ಹುಳ್ಳಗೆ ಮಾಡಿಕೊಂಡರು.

“ಬೇಳೆ ತುಟ್ಟಿಯಾದರೆ ರೈತರಿಗೆ ಒಳ್ಳೆಯದಲ್ಲವೇ” ಎಂದು ಆಗ ಅಧಿಕಾರದಲ್ಲಿದ್ದವರು ಹೇಳುತ್ತಿದ್ದರು. ಅವ್ವ ಮೈಕಿನಲ್ಲಿ ಅದಕ್ಕೆ ಉತ್ತರ ಕೊಟ್ಟಳು. “ರೈತ ಸುಗ್ಗಿಯಾಗೇ ತೊಗರಿ ಮಾರಿ ಮನಿಗಿ ಹೋಗ್ಯಾನ. ಈಗ ತುಟ್ಟಿ ಆದ್ರ ಯಾರ ಗೋದಾಮಿಗೆ ಲಾಭ, ಅದನ್ನ ಹೇಳ್ರಿ.”

ಸಂಜೆ ಗೋಡೆಯಾಚೆಯಿಂದ ಚಾಚಿಯ ದನಿ ಬಂತು. “ಮಳಿ ಇಲ್ಲಂದ್ರ ತೊಗರಿ ಎಲ್ಲಿಂದ ಬರ್ತದ ಅಕ್ಕ? ಸರ್ಕಾರ ಏನು ಬ್ಯಾಳಿ ಹಡಿತದೇನು?”

“ಮಳಿ ಮ್ಯಾಲ ಯಾಕ ಹಾಕ್ತಿ? ಮುಚ್ಚಿಟ್ಟೋರನ್ನ ಹಿಡಿಯೋದು ಸರ್ಕಾರದ ಕೆಲಸ” ಎಂದಳು ಅವ್ವ.

ಆ ಒಲೆಯಿಂದ ಅವ್ವನಿಗೆ ತಾಲ್ಲೂಕಿನಲ್ಲಿ ಹೆಸರು ಬಂತು. ಪಕ್ಷದವರು ಶಾಲು ಹೊದಿಸಿದರು. ಮುಂದೆ ಸರ್ಕಾರ ಬದಲಾಗಿ ಅವ್ವನ ಪಕ್ಷ ಬಂದಾಗ ಆಕೆಯನ್ನು ತಾಲ್ಲೂಕು ಮಹಿಳಾ ಘಟಕಕ್ಕೆ ಅಧ್ಯಕ್ಷೆ ಮಾಡಿದರು. ಊರಿನ ಪುರಸಭೆ ಚುನಾವಣೆಗೆ ಟಿಕೆಟ್ಟು ನಿಮಗೇ ಎಂಬ ಮಾತೂ ಕೊಟ್ಟರು.

ನಾನು ಆ ಹೊತ್ತಿಗೆ ರಾಯಚೂರಿನಲ್ಲಿ ಶಾಲೆಯ ಕೆಲಸಕ್ಕೆ ಸೇರಿದ್ದೆ. ಶನಿವಾರ ಮಧ್ಯಾಹ್ನ ಬಸ್ ಹತ್ತಿ ಮಾನ್ವಿಗೆ ಬರುತ್ತಿದ್ದೆ. ಅಂಥ ಒಂದು ಶನಿವಾರ ಹಿತ್ತಲಿನ ಕಟ್ಟೆಯ ಮೇಲೆ ಕೂತು ಊಟ ಮಾಡುವಾಗ, ಸಾರು ತೆಳ್ಳಗಾಗಿದೆಯಲ್ಲ ಎಂದೆ. “ಬ್ಯಾಳಿ ಮತ್ತ ತುಟ್ಟಿ ಆಗ್ಯದ ಯವ್ವಾ. ಈ ವರ್ಷ ಮಳಿ ಕೈ ಕೊಡ್ತು. ಪಾಪ, ಸರ್ಕಾರ ಏನು ಮಾಡ್ತದ?” ಎಂದಳು ಅವ್ವ.

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಚಾಚಿ ತಲೆ ಮೇಲೆತ್ತಿದಳು.

“ಅಕ್ಕ, ಆಗ ನಾ ಮಳಿ ಅಂದೆ, ನೀ ಸರ್ಕಾರ ಅಂದಿ. ಈಗ ನೀ ಮಳಿ ಅನ್ನಾಕತ್ತಿ, ನಾ ಸರ್ಕಾರ ಅನ್ನಾಕತ್ತೀನಿ. ನಮ್ಮಿಬ್ಬರಾಗ ಶ್ಯಾಣೇರು ಯಾರಂತೀ?”

ಹಾಗಂದು ಚಾಚಿ ನಕ್ಕಳು, ನಾನೂ ನಕ್ಕೆ. ಅವ್ವ ನಗಲಿಲ್ಲ. ಅನ್ನ ಕಲಸುತ್ತಿದ್ದ ಕೈ ಹಾಗೇ ನಿಂತಿತು.

ಮರುದಿನ ಪಕ್ಷದ ತಾಲ್ಲೂಕು ಅಧ್ಯಕ್ಷರು ಮನೆಗೆ ಬಂದರು. ಅಕ್ಕಿ ಗಿರಣಿಯ ಮಾಲೀಕರು, ವಿಭೂತಿ ತಪ್ಪದ ಹಣೆ, ಮೆತ್ತಗಿನ ಮಾತು. ಎದುರು ಪಕ್ಷದ ಹೆಣ್ಣುಮಕ್ಕಳು ಬೇಳೆ ತುಟ್ಟಿಯಾದದ್ದಕ್ಕೆ ಸೋಮವಾರ ಬಸ್ ನಿಲ್ದಾಣದ ಮುಂದೆ ಧರಣಿ ಕೂರುವವರಿದ್ದರು. ಅದಕ್ಕೂ ಮೊದಲು ಅವ್ವ ಪತ್ರಕರ್ತರನ್ನು ಕರೆಸಿ ಮಾತಾಡಬೇಕು ಎಂಬುದು ಅವರ ಬೇಡಿಕೆ.

“ಏನಂತ ಮಾತಾಡ್ಲಿ?” ಎಂದಳು ಅವ್ವ.

“ಬ್ಯಾಳಿ ತುಟ್ಟಿ ಆದ್ರ ನಮ್ಮ ರೈತರಿಗೆ ಚಲೋ ಅಂತ ಹೇಳ್ರಿ. ಈ ಕಡೆ ತೊಗರಿ ಬೆಳೆಯೋರೇ ಭಾಳ ಅದಾರ.”

“ಇದು ಅವರ ಮಾತಲ್ಲೇನ್ರೀ? ಹಿಂದ ಅವರು ಹೇಳಿದ್ದು.”

“ಆಗ ಅವರು ಹೇಳಿದ್ದು ನೆವ. ಈಗ ನಾವು ಹೇಳೋದು ಖರೇ.”

“ಆಗ ನೆವ ಆಗಿದ್ದು ಸರ್ಕಾರ ಬದಲಾದ ಕೂಡ್ಲೇ ಖರೇ ಹ್ಯಾಂಗ ಆತ್ರೀ?”

ಅವರು ಚಹಾದ ಲೋಟ ಕೆಳಗಿಟ್ಟರು. “ನೀವು ನಮ್ಮವರೋ ಅವರ ಕಡೆಯವರೋ, ಅದನ್ನ ಮೊದ್ಲು ಹೇಳ್ರಿ.”

“ನಿಮ್ಮಾಕಿನೇ. ಅದಕ್ಕ ಕೇಳಾಕತ್ತೀನಿ.”

ಅವರು ಹೋದ ಮೇಲೆ ನನಗೆ ದಿಗಿಲಾಯಿತು. ಟಿಕೆಟ್ಟಿನ ಮಾತು ನನ್ನ ತಲೆಯಲ್ಲಿತ್ತು. ಮೈಯಲ್ಲಿ ಆರಾಮಿಲ್ಲ ಅಂತ ಹೇಳಿ ನಾಲ್ಕು ದಿನ ನನ್ನ ಜೊತೆ ರಾಯಚೂರಿಗೆ ಬಂದುಬಿಡು ಎಂದೆ. ಅವ್ವ ಕೇಳಿಸಿಕೊಂಡಳು. “ಬಾಗಲವಾಡದ ಹೆಣ್ಣುಮಕ್ಕಳು ನನ್ನ ಮಾತು ನಂಬಿ ಆ ಬಿಸಿಲಾಗ ಕುಂತಿದ್ರು. ನಮ್ಮ ಸರ್ಕಾರ ಬಂದದಂತ ಅವರಿಗೆ ಬ್ಯಾಳಿ ಸೋವಿ ಸಿಗ್ತದೇನು?” ಎಂದು ನನ್ನನ್ನೇ ಕೇಳಿದಳು.

ಸೋಮವಾರ ನಾನು ರಜೆ ಹಾಕಿದೆ. ಎದುರು ಪಕ್ಷದ ಪೆಂಡಾಲಿನಲ್ಲಿ ಚಾಚಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾವು ಆಟೋದಿಂದ ಇಟ್ಟಿಗೆ, ಕಟ್ಟಿಗೆ, ಬೋಗುಣಿ ಇಳಿಸುವುದನ್ನು ಕಂಡು ಜನ ಎದ್ದು ನಿಂತರು. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡರು. ಅವ್ವ ಪೆಂಡಾಲಿನಿಂದ ಸ್ವಲ್ಪ ದೂರದಲ್ಲಿ, ಯಾವ ಬಾವುಟವೂ ಇಲ್ಲದ ಕಡೆ ಒಲೆ ಹೂಡಿ ಸಾರಿಗಿಟ್ಟಳು. ಅದು ಮೊದಲಿನ ಸಾರೇ, ಬೇಳೆಯಿಲ್ಲದ್ದು.

ಆ ಪಕ್ಷದ ಮುಖಂಡ ಖುಷಿಯಿಂದ ಮೈಕು ಮತ್ತು ತಮ್ಮ ಬಣ್ಣದ ಶಾಲು ಎರಡನ್ನೂ ಹಿಡಿದುಕೊಂಡು ಬಂದ. ಅವ್ವ ಮೈಕನ್ನಷ್ಟೇ ತೆಗೆದುಕೊಂಡಳು.

“ಹಿಂದಿನ ಸಲ ಇಲ್ಲೇ ನಿಂತು ಅವರನ್ನ ಬೈದಿದ್ದೆ. ಇವತ್ತ ನಮ್ಮವರನ್ನ ಬೈಯಾಕ ಬಂದೀನಿ. ಆಗ ಕೇಳಿದ್ದನ್ನೇ ಈಗೂ ಕೇಳ್ತೀನಿ, ಯಾರ ಗೋದಾಮಿಗೆ ಲಾಭ? ಆಗ ಅವರು ಹೇಳಲಿಲ್ಲ. ಈಗ ನಮ್ಮವರು ಹೇಳಬೇಕು.”

ಪೆಂಡಾಲಿನಲ್ಲಿ ಚಪ್ಪಾಳೆ ಎದ್ದಿತು. ಅವ್ವ ಕೈಯೆತ್ತಿ ತಡೆದಳು.

“ಭಾಳ ಚಪ್ಪಾಳಿ ಹೊಡಿಬ್ಯಾಡ್ರಿ. ನಿಮ್ಮವರು ಇದ್ದಾಗ ನಿಮ್ಮಾಗ ಒಬ್ಬರೂ ಇಲ್ಲಿಗೆ ಬಂದಿದ್ದಿಲ್ಲ.”

ಚಪ್ಪಾಳೆ ಅರ್ಧಕ್ಕೇ ನಿಂತಿತು. ಮುಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ಮೊದಲು ನಕ್ಕವಳು ಚಾಚಿ. ಆಮೇಲೆ ಎದ್ದು ಬಂದು ಲೋಟಗಳನ್ನು ತೊಳೆದು ಸಾರು ಹಂಚತೊಡಗಿದಳು. ನಾನು ಒಲೆಗೆ ಕಟ್ಟಿಗೆ ದೂಡುತ್ತ ಕೂತಿದ್ದೆ. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದು ಪಕ್ಕದವರಿಗೆ ಹೇಳಿದೆ. ಖರೇ ಹೇಳಬೇಕೆಂದರೆ ಹೊಗೆ ಆ ಕಡೆ ಹೋಗುತ್ತಿತ್ತು.

ಅಂದು ಸಂಜೆಯೇ ಅವ್ವನ ಹುದ್ದೆ ಹೋಯಿತು. ಟಿಕೆಟ್ಟೂ ಹೋಯಿತೆಂದು ಬೇರೆ ಹೇಳಬೇಕಿರಲಿಲ್ಲ. ದೇವದುರ್ಗದಿಂದ ಸೋದರಮಾವ ಫೋನು ಮಾಡಿ, ತೀರಿಹೋದ ನಮ್ಮಜ್ಜನನ್ನು ನೆನೆದು, ಅಪ್ಪನ ಮರ್ಯಾದೆ ಕಳೆದೆ ಎಂದು ಬೈದ. “ಅಪ್ಪ ಇದ್ದಿದ್ರ ಒಲಿಗಿ ಕಟ್ಟಿಗಿ ತಂದುಕೊಡ್ತಿದ್ದ” ಎಂದಷ್ಟೇ ಹೇಳಿ ಅವ್ವ ಫೋನು ಇಟ್ಟಳು. ವಾರದೊಳಗೆ ಎದುರು ಪಕ್ಷದ ಮುಖಂಡ ಹಾರ ಹಿಡಿದು ಬಂದು ನಮ್ಮಲ್ಲಿಗೆ ಬರ್ರಿ ಎಂದ. “ನಿಮ್ಮ ಸರ್ಕಾರ ಬಂದಾಗ ಬ್ಯಾಳಿ ತುಟ್ಟಿ ಆದ್ರ ನಿಮಗೂ ಇದೇ ಸಾರು” ಎಂದು ಅವ್ವ ಚಹಾ ಕೊಟ್ಟು ಕಳಿಸಿದಳು.

ರಾಯಚೂರಿನಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಅವ್ವನ ಭಾಷಣದ ವಿಡಿಯೊ ತೋರಿಸಿ ಬಹಳ ಹೊಗಳಿದರು. ನೋಡಿದರೆ ಅದು ಚಪ್ಪಾಳೆಗೇ ಮುಗಿದಿತ್ತು. ಮುಂದಿನ ಮಾತನ್ನು ಯಾರೋ ಕತ್ತರಿಸಿದ್ದರು. ನಾನು ನನ್ನ ಫೋನಿನಲ್ಲಿದ್ದ ಪೂರ್ತಿ ವಿಡಿಯೊವನ್ನು ಶಿಕ್ಷಕರ ಗುಂಪಿಗೆ ಹಾಕಿದೆ. ಹೊಗಳಿದವರು ಸುಮ್ಮನಾದರು. ಅಲ್ಲಿಯವರೆಗೆ ಭಾಷಣವನ್ನು ಬೈಯುತ್ತಿದ್ದ ಗುಂಪಿನ ಕೆಲವರು, ಕೊನೆಯ ಮಾತು ಮಾತ್ರ ಚೆನ್ನಾಗಿದೆ ಎಂದರು. ಅದು ನಮ್ಮವ್ವ ಎಂದು ಕೆಳಗೆ ಬರೆದೆ.

ಸುಗ್ಗಿ ಬಂದು ಬೇಳೆಯ ಬೆಲೆ ಇಳಿಯಿತು. ತಮ್ಮಿಂದಲೇ ಇಳಿದದ್ದೆಂದು ಎರಡೂ ಪಕ್ಷದವರು ಹೇಳಿದರು.

ಚುನಾವಣೆಯಲ್ಲಿ ಅವ್ವನ ಜಾಗಕ್ಕೆ ಬೇರೊಬ್ಬ ಹೆಣ್ಣುಮಗಳನ್ನು ನಿಲ್ಲಿಸಿದರು. ಯಾರೂ ಕರೆಯದಿದ್ದರೂ ಅವ್ವ ಆಕೆಯ ಪ್ರಚಾರಕ್ಕೆ ಹೊರಟಳು, ನಾನೂ ಜೊತೆಗೆ ಹೋದೆ. ಒಂದು ಮನೆಯ ಬಾಗಿಲಲ್ಲಿ ಮುದುಕಿಯೊಬ್ಬಳು ನಮ್ಮನ್ನು ತಡೆದಳು.

“ನಿನ್ನ ತಗದು ಒಗದಾರ. ಮತ್ತ ಅವರಿಗೇ ಓಟು ಕೇಳ್ತಿಯಲ್ಲ?”

“ಪಕ್ಷ ನಂದು ಯವ್ವಾ. ಅದರ ವಿಚಾರ ನನಗ ಈಗೂ ಸರಿ ಅನಸ್ತದ. ತಪ್ಪು ಮಾಡಿದಾಗ ಬೈಯಾಕಿನೂ ನಾನೇ. ನೀ ಹಾಕು, ಆಮ್ಯಾಲ ಕೇಳಾಕ ನನ್ನ ಮನಿಗಿ ಬಾ.”

ಮುದುಕಿ ನಕ್ಕು ಕರಪತ್ರ ತೆಗೆದುಕೊಂಡಳು. ನನ್ನ ಓಟು ಯಾರಿಗೆಂದು ಅವ್ವನಿಗೂ ಹೇಳಿದವಳಲ್ಲ ನಾನು. ಆದರೆ ಆ ಓಣಿಯಲ್ಲಿ ಆಕೆಯ ಪಕ್ಕಕ್ಕೇ, ಹೆಗಲಿಗೆ ಹೆಗಲು ತಾಗುವಂತೆ ನಡೆದೆ. ಇವಳು ಯಾರ ಮಗಳೆಂದು ನೋಡುವವರಿಗೆ ಗೊತ್ತಾಗಲಿ ಎಂದು.